ಹನ್ನೊಂದು ದನಗಳ ಬಾಯಿ

ಬೆಳಗ್ಗೆ ಎದ್ದಾಗಿನಿಂದ ಪಾಲಾಕ್ಷ ಮೂರು ಸಲ ಕೈ ತೊಳೆದಿದ್ದ, ಮೂರು ಸಲವೂ ಕೈಗೆ ಏನೂ ಅಂಟಿರಲಿಲ್ಲ. ದನದ ಡಾಕ್ಟರ ಕೈಗೆ ಏನಾದರೂ ಅಂಟಿಕೊಳ್ಳುವುದು ಸಹಜ, ಆದರೆ ಈ ಡಾಕ್ಟರ ಕೈಗೆ ಹನ್ನೆರಡು ವರ್ಷದ ನೌಕರಿಯಲ್ಲಿ ಏನೂ ಅಂಟಿರಲಿಲ್ಲವಲ್ಲ! ಸಗಣಿ, ಜೊಲ್ಲು, ರಕ್ತ ಎಲ್ಲ ಅಂಟುತ್ತಿದ್ದದ್ದು ಆಸ್ಪತ್ರೆಯ ಜವಾನ ಹುಚ್ಚಯ್ಯನ ಕೈಗೆ. ಹುಚ್ಚಯ್ಯ ದನದ ಮೂಗು ಹಿಡಿದು, ನಾಲಗೆಯನ್ನು ಪಕ್ಕಕ್ಕೆ ಎಳೆದು, ಬಾಯೊಳಗೆ ಬೆರಳಾಡಿಸಿ "ಹುಣ್ಣೈತೆ ಸಾ" ಅಂತಲೋ "ಏನಿಲ್ಲ ಸಾ, ಮುಳ್ಳು ಚುಚ್ಕಂಡೈತೆ" ಅಂತಲೋ ಹೇಳುವನು. ಮೂರು ಮಾರು ಆಚೆ ಕುರ್ಚಿ ಹಾಕಿಸಿಕೊಂಡು ಕೂತ ಪಾಲಾಕ್ಷ ಅದನ್ನೇ ಇಂಗ್ಲಿಷಿನಲ್ಲಿ ಪುಸ್ತಕಕ್ಕೆ ಬರೆದುಕೊಳ್ಳುವನು. ಇದನ್ನು ಯಾರೂ ತಪ್ಪು ಅಂದಿರಲಿಲ್ಲ. ಲಿಂಗ ಕಟ್ಟಿದವರು, ದಿನಾ ಬೆಳಗ್ಗೆ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆ ಮಾಡುವವರು, ಅದೇ ಕೈಯನ್ನು ರೋಗದ ದನದ ಬಾಯಿಗೆ ಹಾಕು ಅಂದರೆ ಹೇಗೆ ಹಾಕಿಯಾರು ಎಂದು ಸುತ್ತಿನ ಊರುಗಳೆಲ್ಲ ಅವನ ಪರವಾಗಿ ಯೋಚಿಸಿ ಒಪ್ಪಿಕೊಂಡುಬಿಟ್ಟಿದ್ದವು. ಅವನೂ ಒಪ್ಪಿಕೊಂಡಿದ್ದ. ಸರ್ಕಾರದ ಕೆಲಸದ ಮೇಲೆ ಆಫ್ರಿಕಾಕ್ಕೆ ಹೋಗಿ ಬಂದ ಈ ನಾಲ್ಕು ತಿಂಗಳಿಂದ ಮಾತ್ರ, ಪೂಜೆಗೆ ಕೂತು ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡ ಕೂಡಲೇ ಅವನ ಕಣ್ಣು ಲಿಂಗವನ್ನು ಬಿಟ್ಟು ಅಂಗೈಯನ್ನೇ ನೋಡುತ್ತಿತ್ತು. ಹೆಂಡತಿ ಪ್ರೇಮಕುಮಾರಿ ಒಳಗಿನಿಂದ "ಆಯ್ತೇನೂಂದ್ರೆ, ಉಪ್ಪಿಟ್ಟು ಆರೋಗ್ತದೆ" ಅಂದಾಗ ಅವನು ನಾಲ್ಕನೆಯ ಸಲ ಕೈ ತೊಳೆಯಲು ಎದ್ದಿದ್ದ.

ಹುಚ್ಚಯ್ಯ ಆ ಹೊತ್ತಿಗೆ ಜಗುಲಿಯ ಕೆಳಗೆ ಬಂದು ನಿಂತಿದ್ದ. ಎಂದೂ ಆಸ್ಪತ್ರೆಯ ಬಾಗಿಲು ತೆಗೆಯುವ ಮುಂಚೆ ಮನೆಯ ಹತ್ತಿರ ಬಂದವನಲ್ಲ. ಟವೆಲನ್ನು ಹೆಗಲಿನಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದ.

"ವಸಿ ಬೇಗ ಓಗನ ಸಾ. ಹೊನ್ನೇಕಟ್ಟೆ ಯಜಮಾನ್ರ ಎತ್ತು ಇನ್ನೊಂದು ಸತ್ತೋಯ್ತು. ನಮ್ ದೇವಯ್ಯನ್ನ ಇಡ್ಕಂಡು ಕೊಟ್ಟಿಗೆ ತಾವ ಕೂರ್ಸವ್ರೆ."

ದೇವಯ್ಯ ಹುಚ್ಚಯ್ಯನ ತಮ್ಮ. ಊರಿನಲ್ಲಿ ಸತ್ತ ದನ ಎಳೆದು ಸುಲಿಯುವ ಕೆಲಸ ಅವನ ಪಾಲಿಗೆ ಬಂದದ್ದು. ಪಾಲಾಕ್ಷನಿಗೆ ಇದು ಗೊತ್ತಿತ್ತು. ಆದರೂ "ಯಾಕೆ ಕೂರಿಸಿದ್ದಾರೆ?" ಎಂದು ಕೇಳಿದ, ಏನೋ ಒಂದು ಕೇಳಬೇಕಲ್ಲ ಅಂತ.

"ಇಸ ಆಕವ್ನೆ ಅಂತವ್ರೆ ಸಾ. ಚರ್ಮದ ಆಸೆಗೆ. ವಾರದಲ್ಲಿ ಮೂರು ಸತ್ತವಲ್ಲ." ಹುಚ್ಚಯ್ಯ ದನಿ ತಗ್ಗಿಸಿದ. "ಇಸ ಅಲ್ಲ ಸಾ, ದೊಡ್ಡರೋಗ. ಮೊದಲ್ನೇದು ಸತ್ತಾಗ ನಾನೇ ಬಾಯಿ ಬುಡ್ಸಿ ನೋಡಿವ್ನಿ. ವಸಡೆಲ್ಲ ತೌಡು ಚೆಲ್ದಂಗಾಗಿತ್ತು."

"ಹಾಗಂತ ಅವತ್ತೇ ಹೇಳಬೇಕಾಗಿತ್ತು."

"ಯಜಮಾನ್ರಿಗೆ ಏಳಿದ್ನಲ್ಲ ಸಾ. ನಿನ್ ತಮ್ಮನ್ನ ಉಳಿಸ್ಕಳಕ್ಕೆ ಏಳ್ತೀಯ ಕಣ್ಲಾ ಅಂದ್ರು. ಬಾಕಿ ಎತ್ತುಗೋಳ್ನ ಸೋಮವಾರ ಚನ್ನರಾಯಪಟ್ಟಣದ ಸಂತೆಗೆ ಒಡ್ಕಂಡೋಗ್ಬೇಕಂತೆ. ರೋಗ ಅಂದ್ರೆ ಊರ ಗಡಿ ದಾಟಕ್ಕೆ ಬುಡ್ತಾರಾ? ಇವತ್ತು ಡಾಕ್ಟ್ರು ಬತ್ತಾರೆ, ಅವ್ರು ಏಳ್ಲಿ ಅಂದವ್ರೆ. ಈ ಎತ್ತನ್ನ ಸುಲಿಬ್ಯಾಡಿ ಅಂತ ಅಂಗೇ ಮಡಗವ್ರೆ. ನೀವೊಂದು ಮಾತು ಏಳುದ್ರೆ ಮುಗೀತು ಸಾ."

ಹೊನ್ನೇಕಟ್ಟೆಗೆ ಇವತ್ತು ಹೇಗೂ ಹೋಗಬೇಕಿತ್ತು. ಯಜಮಾನ ಚಂದ್ರಶೇಖರಯ್ಯನವರು ಊರಿನ ಮಿಡ್ಲ್ ಸ್ಕೂಲಿನ ಕಮಿಟಿಗೆ ಅಧ್ಯಕ್ಷರು. ನಮ್ಮವರೊಬ್ಬರು ಸಮುದ್ರ ದಾಟಿ ಆಫ್ರಿಕಾ ಕಂಡುಬಂದರಲ್ಲ ಎಂದು ತಮ್ಮ ಮನೆಯ ನಡುಮನೆಯಲ್ಲೇ ಸನ್ಮಾನ ಇಟ್ಟುಕೊಂಡಿದ್ದರು. "ಮಧ್ಯಾಹ್ನ ಹೇಗೂ ಬರ್ತೀನಲ್ಲ, ಆಗಲೇ ನೋಡಿದರಾಯಿತು" ಎಂದು ಪಾಲಾಕ್ಷ ಹೇಳಿದ. ಹುಚ್ಚಯ್ಯ ಟವೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ಬಸ್ಸಿನ ಹೊತ್ತಿನವರೆಗೂ ಬೇವಿನ ಮರದ ಕೆಳಗೆ ಕುಕ್ಕರುಗಾಲಲ್ಲಿ ಕೂತಿದ್ದ. ಉಪ್ಪಿಟ್ಟು ತಿನ್ನುವಾಗ ಕಿಟಕಿಯಿಂದ ಅವನ ಬೆನ್ನು ಕಾಣುತ್ತಿತ್ತು, ಕಾಣದ ಹಾಗೆ ಪಾಲಾಕ್ಷ ಸ್ವಲ್ಪ ತಿರುಗಿ ಕೂತ.

ಅರಕಲಗೂಡಿನ ಬಸ್ಸಿನಲ್ಲಿ ಕಂಡಕ್ಟರು ಡಾಕ್ಟರಿಗೆಂದು ಮುಂದಿನ ಸೀಟಿನಲ್ಲಿ ಕೂತವನನ್ನು ಎಬ್ಬಿಸಿದ. ಹುಚ್ಚಯ್ಯ ಹಿಂದಿನ ಬಾಗಿಲಲ್ಲಿ ಹತ್ತಿ ನಿಂತ. ಗೊರೂರಿನ ಅಣೆಕಟ್ಟೆಯ ಅಳತೆಯವರು ರಸ್ತೆಯ ಉದ್ದಕ್ಕೂ ಸುಣ್ಣ ಬಳಿದ ಕಲ್ಲು ನೆಟ್ಟಿದ್ದರು. ಒಂದು ಕಲ್ಲು ರಾಗಿ ಹೊಲದ ನಡುವೆ, ಒಂದು ಯಾರದೋ ಹಿತ್ತಲಲ್ಲಿ. ನೀರು ಇಲ್ಲಿಯವರೆಗೆ ಬರುತ್ತದಂತೆ ಎಂದು ಪಕ್ಕದವನು ಹೇಳಿದ. ಆಫ್ರಿಕಾದಲ್ಲಿಯೂ ಕಲ್ಲುಗಳಿದ್ದವು, ಹೀಗೇ ಬಿಳಿಯವು, ಜೀಪು ಹೋದ ಹಾಗೆಲ್ಲ ಒಂದೊಂದಾಗಿ ಹುಲ್ಲಿನಿಂದ ಎದ್ದು ಬರುತ್ತಿದ್ದವು. ಒಂದಕ್ಕೆ ಬಂದರೆ ಕೊಟ್ಟಿಗೆಯನ್ನೇ ಖಾಲಿ ಮಾಡುವ ದೊಡ್ಡರೋಗದ ಚುಚ್ಚುಮದ್ದಿನ ವಿಷಯ ಕಲಿತು ಬಾ ಎಂದು ಸರ್ಕಾರ ಅವನನ್ನು ಆರು ತಿಂಗಳು ಕಳಿಸಿತ್ತು, ಕಡೆಯ ವಾರ ಅಲ್ಲಿಯವರು ಆ ಹೆಸರಾಂತ ಮೃಗಧಾಮವನ್ನು ತೋರಿಸಲು ಕರೆದುಕೊಂಡು ಹೋಗಿದ್ದರು. ಕಣ್ಣು ಸೋಲುವವರೆಗೆ ಹುಲ್ಲು, ಆ ಹುಲ್ಲಿನ ಮೇಲೆ ಲೆಕ್ಕಕ್ಕೆ ಸಿಗದಷ್ಟು ಮೃಗ. ಕಲ್ಲುಗಳ ಒಳಗೆ ಮೃಗ, ಹೊರಗೆ ಮನುಷ್ಯ, ಇಲ್ಲಿ ಗುಂಡಿನ ಸದ್ದು ಕೇಳಿ ಹದಿಮೂರು ವರ್ಷವಾಯಿತು ಎಂದು ಕೆಂಪು ಮೀಸೆಯ ವಾರ್ಡನ್ ಹೇಳಿದ; ಮೊದಲು ಇಲ್ಲಿ ದನಗಾಹಿಗಳಿದ್ದರು, ಅವರನ್ನು ಒಳ್ಳೆಯ ಮಾತಿನಲ್ಲೇ ಆಚೆಗೆ ಕಳಿಸಿದೆವು ಅಂದ. ಒಳ್ಳೆಯ ಮಾತಿನಲ್ಲಿ ಅವನು ನಿಪುಣ. ರಾತ್ರಿಯ ಊಟಕ್ಕೆ, ನೀವು ಮಾಂಸ ತಿನ್ನುವವರಲ್ಲ, ನಮ್ಮ ಮೇಜಿನಲ್ಲಿ ಕೂತರೆ ನಿಮಗೇ ಕಷ್ಟ ಎಂದು ನಕ್ಕು, ಪಾಲಾಕ್ಷನ ತಟ್ಟೆಯನ್ನು ಜಗುಲಿಗೆ ಕಳಿಸಿದ. ಬೇಯಿಸಿದ ಆಲೂಗೆಡ್ಡೆ, ಬ್ರೆಡ್ಡು. ಬಾಗಿಲ ಪರದೆಯ ಆಚೆ ಚಮಚಗಳ ಸದ್ದು, ನಗು. ಜಗುಲಿಯ ಆ ತುದಿಯಲ್ಲಿ ಬಂದೂಕಿನ ಕಾವಲುಗಾರರು ಕೂತು ಉಣ್ಣುತ್ತಿದ್ದರು, ಅವರಿಗೂ ಇವನಿಗೂ ನಡುವೆ ನಾಲ್ಕು ಕಂಬ. ಆಸ್ಪತ್ರೆಯ ಜಗುಲಿಯಲ್ಲಿ ಹುಚ್ಚಯ್ಯನ ಲೋಟ ಬೇರೆಯಾಗಿ ಗೋಡೆಯ ಮೊಳೆಗೆ ತಗುಲಿಹಾಕಿರುತ್ತದೆ ಎಂಬುದು ಅವನಿಗೆ ಆಗ ನೆನಪಿಗೆ ಬಂತು, ಬಂದು ಹೋಯಿತು. ನನ್ನ ವಿಷಯ ಬೇರೆ ಅನ್ನಿಸಿತ್ತು. ನಾನು ಡಾಕ್ಟರು. ಎರಡು ದಿನದಲ್ಲಿ ಆ ವಾರ್ಡನ್ ಅವನನ್ನು ಒಂದು ಸಲವೂ ಡಾಕ್ಟರ್ ಅಂದಿರಲಿಲ್ಲ, 'ನಮ್ಮ ಇಂಡಿಯದ ಗೆಳೆಯ' ಅನ್ನುತ್ತಿದ್ದ. ಈ ಸಣ್ಣ ಅವಮಾನವನ್ನು ಆಲೂಗೆಡ್ಡೆಯ ಜೊತೆ ನುಂಗಿ ಅವನು ಮಲಗಿದ್ದ.

ಚಂದ್ರಶೇಖರಯ್ಯನವರ ಮನೆಯ ಹೆಬ್ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ಹೆಬ್ಬಾಗಿಲಿನ ಎಡಕ್ಕೆ ಕೊಟ್ಟಿಗೆ, ಕೊಟ್ಟಿಗೆಯ ಮುಂದೆ ಬಿಸಿಲು, ಆ ಬಿಸಿಲಲ್ಲಿ ಮಂಡಿಗೆ ಕೈ ಕಟ್ಟಿಕೊಂಡು ದೇವಯ್ಯ ಕೂತಿದ್ದ. ಅವನನ್ನು ಕಟ್ಟಿಹಾಕಿರಲಿಲ್ಲ. ಕೂತಿರು ಅಂದಿದ್ದರು, ಕೂತಿದ್ದ. ಪಾಲಾಕ್ಷ ಚಪ್ಪಲಿ ಬಿಡುವಾಗ ಅವನು ಎದ್ದು ನಿಂತು ಕೈಮುಗಿದ. ಏನಾದರೂ ಒಂದು ಮಾತು ಹೇಳಬಹುದಿತ್ತು. 'ಹೆದರಬೇಡ ಕಣಯ್ಯ, ನೋಡ್ತೀನಿ' ಅಂದರೆ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಅಷ್ಟರಲ್ಲಿ ಚಂದ್ರಶೇಖರಯ್ಯನವರು ನಡುಬಾಗಿಲಿಗೆ ಬಂದು "ಬನ್ನಿ ಡಾಕ್ಟ್ರೇ, ಬನ್ನಿ, ಬಿಸಿಲಲ್ಲಿ ಯಾಕೆ ನಿಂತ್ಕಂಡ್ರಿ" ಎಂದು ಭುಜ ಹಿಡಿದು ಒಳಗೆ ಕರೆದುಕೊಂಡರು. ಭುಜದ ಮೇಲಿನ ಆ ಕೈಯ ಭಾರ ಅವನಿಗೆ ಹಿತವಾಗಿತ್ತು. ಹಿತವಾಯಿತಲ್ಲ ಎಂದು ತನ್ನ ಮೇಲೆ ಹೇಸಿಗೆಯೂ ಆಯಿತು.

ಊಟಕ್ಕೆ ಒಬ್ಬಟ್ಟು. ಊಟವಾದ ಮೇಲೆ ಹಾರ, ಶಾಲು, ಹಾರ್ಮೋನಿಯಂ ಜೊತೆಗೆ ಒಂದು ಪ್ರಾರ್ಥನೆ. ಮೇಷ್ಟರು, ಊರಿನ ಹಿರಿಯರು, ಬಾಗಿಲ ಸಂದಿಯಲ್ಲಿ ಹೆಂಗಸರು. ಪಾಲಾಕ್ಷ ಎದ್ದು ನಿಂತು ಸಿಂಹದ ವಿಷಯ ಹೇಳಿದ. ಎರಡು ಮಾರು ದೂರದಲ್ಲಿ ಸಿಂಹ ಆಕಳಿಸಿತು ಅಂದ. ಅವನು ನೋಡಿದ ಒಂದೇ ಸಿಂಹ ಎರಡು ಫರ್ಲಾಂಗು ಆಚೆ ಮರದ ಕೆಳಗೆ ಒಂದು ಕಂದು ಚುಕ್ಕೆಯಾಗಿ ಮಲಗಿತ್ತು. ಜಿರಾಫೆಯ ಕತ್ತನ್ನು ಕೈ ಎತ್ತಿ ತೋರಿಸಿದ, ಎಲ್ಲರೂ ನಕ್ಕರು. ಮೃಗಗಳಿಗೆ ಅಲ್ಲಿ ಯಾರ ಭಯವೂ ಇಲ್ಲ, ಅಂಥ ದಯೆಯ ರಾಜ್ಯ ಅದು ಎಂದು ಹೇಳಿದಾಗ ಚಂದ್ರಶೇಖರಯ್ಯನವರು "ದಯೆ, ದಯೆ, ಅದೇ ಮುಖ್ಯ" ಎಂದು ತಲೆದೂಗಿದರು. ಮಾತು ಸಲೀಸಾಗಿ ಹರಿಯುತ್ತಿತ್ತು, ತನ್ನ ದನಿ ತನಗೇ ಇಂಪಾಗಿ ಕೇಳುತ್ತಿತ್ತು. ಚಂದ್ರಶೇಖರಯ್ಯನವರ ತಾಯಿ ನೀಲಗಂಗಮ್ಮ, ಎಂಬತ್ತು ದಾಟಿದವರು, ಕಂಬಕ್ಕೆ ಒರಗಿ ಕೂತು ಅಲ್ಲಿಯವರೆಗೂ ಕಣ್ಣು ಮುಚ್ಚಿಕೊಂಡಿದ್ದವರು ಈಗ ಕಣ್ಣು ಬಿಟ್ಟರು.

"ಸಿಂಹ ಇರ್ಲಿ ಕಣಪ್ಪ ಪಾಲಾಕ್ಷ. ಅಲ್ಲಿ ದನ ಇದ್ವಾ? ದನ ಹೆಂಗಿದ್ವು?"

"ಇದ್ದವು ಅಮ್ಮ" ಎಂದ. ಹೆಂಗಿದ್ದವು? ನಮ್ಮವುಗಳ ಹಾಗೇ ಇದ್ದವು, ಹಿಣಿಲು, ಗಂಗೆದೊಗಲು, ಮಾಸಲು ಬಿಳಿ, ಎರಡು ಕಪ್ಪು, ಒಂದಕ್ಕೆ ಕೊರಳಲ್ಲಿ ಮರದ ಗಂಟೆ. ಹನ್ನೊಂದು. ಕಲ್ಲುಗಳ ಆಚೆಯ ಹೊಂಡ ಬತ್ತಿತ್ತು ಅಂತ ಒಬ್ಬ ಮುದುಕ ಅವುಗಳನ್ನು ಕಲ್ಲುಗಳ ಒಳಗಿನ ನೀರಿಗೆ ಹೊಡೆದುಕೊಂಡು ಬಂದಿದ್ದ. ಕಾವಲುಗಾರರು ಹಿಡಿದರು. ರೋಗವಿಲ್ಲದ ದನವಾದರೆ ಆಚೆಗೆ ಅಟ್ಟುವುದು, ರೋಗದ್ದಾದರೆ ಅಲ್ಲೇ ಕೊಲ್ಲುವುದು, ದನದ ರೋಗ ಮೃಗಗಳಿಗೆ ಹತ್ತಬಾರದು, ಇದು ಅಲ್ಲಿಯ ಕಾನೂನು. ಒಂದು ಹಸುವಿನ ಬಾಯಿಂದ ಜೊಲ್ಲು ಇಳಿಯುತ್ತಿತ್ತು. ವಾರ್ಡನ್ ಇವನ ಕಡೆ ತಿರುಗಿ, "ನೀವು ಹೇಳಬೇಕು ಡಾಕ್ಟರ್, ಇದರಲ್ಲಿ ಪರಿಣತರು ನೀವೇ" ಎಂದ. ಡಾಕ್ಟರ್ ಅಂದ. ಮುದುಕ ತಾನಾಗಿಯೇ ಹಸುವಿನ ಮೂಗು ಹಿಡಿದು, ನಾಲಗೆಯನ್ನು ಪಕ್ಕಕ್ಕೆ ಎಳೆದು, ಬಾಯನ್ನು ಇವನ ಕಡೆಗೆ ಅಗಲಿಸಿ ಹಿಡಿದ, ಹುಚ್ಚಯ್ಯ ಹಿಡಿಯುವ ಹಾಗೇ. ಹಿಡಿದು ಕಾದ. ಪಾಲಾಕ್ಷನೂ ಕಾದ. ಅಭ್ಯಾಸ ಅಂಥದು: 'ಐತೆ ಸಾ', 'ಇಲ್ಲ ಸಾ', ಯಾವುದಾದರೂ ಒಂದು ಕಿವಿಗೆ ಬೀಳಬೇಕಿತ್ತು. ಬೀಳಲಿಲ್ಲ. ಮೂರು ಮಾರು ಮುಂದೆ ಹೋಗಿ ಎರಡು ಬೆರಳು ಹಾಕಿದ್ದರೆ ಆಗಿತ್ತು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಬಾಯೊಳಗೆ ಏನೋ ಕೆಂಪಾಗಿ ಕಂಡಿತು, ಎಲ್ಲರೂ ನೋಡುತ್ತಿದ್ದರು. ಹೌದು ಎಂದು ತಲೆಯಾಡಿಸಿದ. ಹದಿಮೂರು ವರ್ಷದ ಮೇಲೆ ಆ ಬಯಲಿನಲ್ಲಿ ಗುಂಡಿನ ಸದ್ದಾಯಿತು, ದೂರದಲ್ಲಿ ಮೇಯುತ್ತಿದ್ದ ಮೃಗಗಳು ತಲೆ ಎತ್ತಿ ನೋಡಿ ಮತ್ತೆ ಮೇಯತೊಡಗಿದವು. ಹನ್ನೊಂದೂ ಬಿದ್ದ ಮೇಲೆ ಹತ್ತಿರ ಹೋದ. ಜೊಲ್ಲಿನ ಹಸು ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಒಳಗೆ ದವಡೆಗೆ ಬೆರಳುದ್ದದ ಜಾಲಿಮುಳ್ಳು ಚುಚ್ಚಿಕೊಂಡಿತ್ತು. ವಸಡು ಎಳೆಗರುವಿನ ವಸಡಿನ ಹಾಗೆ ಶುಭ್ರವಾಗಿತ್ತು. ಮುದುಕ ಅಳಲೂ ಇಲ್ಲ, ಬೈಯಲೂ ಇಲ್ಲ. ಕಾವಲುಗಾರನೊಬ್ಬ ಡಾಕ್ಟರು ದನ ಮುಟ್ಟಿರಬೇಕೆಂದು ನೀರಿನ ಕ್ಯಾನು ತಂದು ಬಗ್ಗಿಸಿದ. ಬೇಡ ಅಂದರೆ ಮುಟ್ಟಿಲ್ಲ ಅಂತ ಗೊತ್ತಾಗುತ್ತದೆ. ಏನೂ ಅಂಟದ ಕೈಯನ್ನು ಪಾಲಾಕ್ಷ ನೀರಿಗೆ ಒಡ್ಡಿ, ಮೊಣಕೈವರೆಗೂ ಉಜ್ಜಿ ಉಜ್ಜಿ ತೊಳೆದುಕೊಂಡ.

"ಚೆನ್ನಾಗಿದ್ದವು ಅಮ್ಮ" ಎಂದು ನೀಲಗಂಗಮ್ಮನಿಗೆ ಹೇಳಿ ಕೂತುಕೊಂಡ. ಚಪ್ಪಾಳೆ ತಟ್ಟಿದರು.

ಸತ್ತ ಎತ್ತು ಊರಾಚೆಯ ಹಾಳುಬಾವಿಯ ಹತ್ತಿರ ಬಿದ್ದಿತ್ತು. ಚಂದ್ರಶೇಖರಯ್ಯನವರು ಮೂಗಿಗೆ ಶಲ್ಯ ಹಿಡಿದುಕೊಂಡು ಮುಂದೆ ನಡೆದರು, ಹಿಂದೆ ಹತ್ತು ಹದಿನೈದು ಜನ. ಪಾಲಾಕ್ಷನ ಕೊರಳಲ್ಲಿ ಹಾರ ಹಾಗೇ ಇತ್ತು, ತೆಗೆಯುವುದೋ ಬಿಡುವುದೋ ತಿಳಿಯದೆ ಬಿಟ್ಟಿದ್ದ. ಕೇರಿಯವರು ದೂರದ ಬೇಲಿಯ ಆಚೆ ಗುಂಪಾಗಿ ನಿಂತಿದ್ದರು, ದೇವಯ್ಯನ ಹೆಂಡತಿ ಮಾರಮ್ಮ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಎತ್ತಿನ ಬಾಯಿ ಮುಚ್ಚಿಕೊಂಡಿತ್ತು. ಮೂತಿಯ ಸುತ್ತ ನೊಣ. ಹುಚ್ಚಯ್ಯ ಹನ್ನೆರಡು ವರ್ಷದ ರೂಢಿಯಲ್ಲಿ ತೋಳು ಮಡಚಿಕೊಂಡು ಮುಂದೆ ಬಂದು ಕುಕ್ಕರಿಸಿದ.

"ನೀನು ಮುಟ್ಬ್ಯಾಡ ಕಣ್ಲಾ" ಎಂದರು ಚಂದ್ರಶೇಖರಯ್ಯ, ದನಿ ಏರಿಸದೆ. "ನಿನ್ ಕೈ ಬ್ಯಾಡ. ನಾಳೆ ನಾಲ್ಕು ಜನ ಮಾತಾಡಬಾರದು. ಡಾಕ್ಟ್ರೇ, ನೀವೇ ನೋಡಿ ಹೇಳಿ. ನೀವು ರೋಗ ಅಂದ್ರೆ ರೋಗ. ಇಲ್ಲ ಅಂದ್ರೆ ಮುಂದಿಂದು ನಮಗೆ ಬಿಡಿ."

ನ್ಯಾಯದ ಮಾತೇ. ಪಾಲಾಕ್ಷ ಬಗ್ಗಿದ. ಹಾರದ ಸುಗಂಧರಾಜದ ವಾಸನೆ, ಎತ್ತಿನ ವಾಸನೆ, ಹೊಟ್ಟೆಯೊಳಗಿನ ಒಬ್ಬಟ್ಟು. ಕೈ ಚಾಚು ಎಂದು ತನಗೆ ತಾನೇ ಹೇಳಿಕೊಂಡ. ಎರಡು ಬೆರಳು ತುಟಿ ಸರಿಸಿದರೆ ಸಾಕು, ತೌಡು ಚೆಲ್ಲಿದ ಹಾಗೆ ಇರುವುದು ಕಣ್ಣಿಗೆ ಕಾಣುತ್ತದೆ, ಅದು ಅಲ್ಲಿದೆ ಎಂದು ಹುಚ್ಚಯ್ಯ ಹೇಳಿದ್ದಾನೆ, ಹುಚ್ಚಯ್ಯ ಇಷ್ಟು ವರ್ಷದಲ್ಲಿ ಒಂದು ಸಲವೂ ತಪ್ಪು ಹೇಳಿಲ್ಲ. ಮುಟ್ಟದೆಯೇ ರೋಗ ಅಂದುಬಿಡಬಹುದಿತ್ತು. ಆದರೆ ಮುಟ್ಟದೆ ಹೇಳಿದ ಮಾತು ಏನು ಮಾಡಿತ್ತೆಂದು ಅವನಿಗೆ ಗೊತ್ತಿತ್ತು, ಆ ಅರಿವೇ ಈಗ ಒಳ್ಳೆಯ ನೆಪವಾಗಿ ಒದಗಿಬಂತು: ನೋಡದೆ ಹೇಳಬಾರದು. ಹಾಗಾದರೆ ನೋಡು. ಕೈ ಮಂಡಿಯ ಮೇಲಿಂದ ಏಳಲಿಲ್ಲ. ಹದಿನೈದು ಜನ ನೋಡುತ್ತಿದ್ದರು. ಹಾರ ಹಾಕಿಸಿಕೊಂಡ ಮೇಲೆ, ಇಷ್ಟು ಜನ ನಮ್ಮವರ ಎದುರಿಗೆ, ಸತ್ತ ದನದ ಬಾಯಿಗೆ ಕೈ ಹಾಕಿ, ಆ ಕೈಯಲ್ಲಿ ವಾಪಸು ಆ ನಡುಮನೆಗೆ ಹೋಗುವುದು ಹೇಗೆ? ಯಾರೂ ಬೇಡ ಅನ್ನುತ್ತಿರಲಿಲ್ಲ. ಯಾರೂ ಬೇಡ ಅನ್ನದಿದ್ದರೂ ಅವನಿಂದ ಆಗಲಿಲ್ಲ.

"ರೋಗದ ಗುರುತು ಏನೂ ಕಾಣಿಸ್ತಿಲ್ಲ" ಎಂದು ಎದ್ದು ನಿಂತ.

ಮುಚ್ಚಿದ ಬಾಯಿಯಲ್ಲಿ ಏನು ಕಂಡೀತು? ಸುಳ್ಳು ಹೇಳಲಿಲ್ಲ, ಕಾಣಿಸುತ್ತಿಲ್ಲ ಅಂದೆ ಅಷ್ಟೆ ಎಂದು ಅವನ ಮನಸ್ಸು ಆಗಲೇ ವಾದ ಶುರುಮಾಡಿತ್ತು. "ಸರಿ ಬಿಡಿ" ಎಂದು ಚಂದ್ರಶೇಖರಯ್ಯನವರು ತಿರುಗಿ ಊರಿನ ಕಡೆ ನಡೆದರು, ಜನ ಅವರ ಹಿಂದೆ ಹೋದರು. ಹುಚ್ಚಯ್ಯ ಎದ್ದಿರಲಿಲ್ಲ. ಎತ್ತಿನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಸೆಟೆದ ದವಡೆಯನ್ನು ಎರಡೂ ಕೈಯಲ್ಲಿ ಅಗಲಿಸಿ, ಪಾಲಾಕ್ಷನ ಕಡೆಗೆ ತಿರುಗಿಸಿ ಹಿಡಿದ. ವಸಡಿನ ಉದ್ದಕ್ಕೂ ತೌಡು ಚೆಲ್ಲಿದ ಹಾಗೆ ಇತ್ತು. "ನೋಡಿ ಸಾ" ಎಂದ. ಚಂದ್ರಶೇಖರಯ್ಯನವರು ಇನ್ನೂ ಇಪ್ಪತ್ತು ಹೆಜ್ಜೆ ಹೋಗಿರಲಿಲ್ಲ. ಕೂಗಿದರೆ ಕೇಳುತ್ತಿತ್ತು. ಪಾಲಾಕ್ಷ ನೋಡಿದ, ಗಂಟಲು ಸರಿಮಾಡಿಕೊಂಡ, ಆಮೇಲೆ ಹಾರವನ್ನು ಕೊರಳಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು ಅವರ ಹಿಂದೆಯೇ ನಡೆದ. ನಾಲ್ಕು ಗಂಟೆಯ ಬಸ್ಸಿಗೆ ಅವನನ್ನು ಮರ್ಯಾದೆಯಿಂದ ಹತ್ತಿಸಿ ಕಳಿಸಿದರು.

ಎರಡು ದಿನ ಹುಚ್ಚಯ್ಯ ಕೆಲಸಕ್ಕೆ ಬರಲಿಲ್ಲ. ಪಾಲಾಕ್ಷ ರಜೆ ಹಾಕದೆ ಅವನ ಹೆಸರಿನ ಮುಂದೆ ಹಾಜರಿ ಗುರುತು ಮಾಡಿದ, ಅದರಿಂದ ಸ್ವಲ್ಪ ಸಮಾಧಾನವಾಯಿತು, ಆಮೇಲೆ ಆ ಸಮಾಧಾನಕ್ಕೆ ನಾಚಿಕೆಯಾಯಿತು. ಮೂರನೆಯ ದಿನ ಹುಚ್ಚಯ್ಯ ಬಂದ. ಎಂದಿನ ಹಾಗೆ ಅಂಗಳ ಗುಡಿಸಿದ, ದನ ಕಟ್ಟುವ ಕಂಬದ ಸುತ್ತ ನೀರು ಚಿಮುಕಿಸಿದ.

"ದೇವಯ್ಯ ಎಲ್ಲಿ?" ಎಂದು ಪಾಲಾಕ್ಷ ಕೇಳಿದ.

"ಆಸನದ ಆಸ್ಪತ್ರೇಲವ್ನೆ ಸಾ."

"ಏನಾಯಿತು?"

"ಕೊಡಲಿ ಕಾವಿಂದ ಒಡುದ್ರು ಸಾ. ಎರಡು ಕೈಯೂವೆ. ಬಲಗೈ ಉಳಿಯಕ್ಕಿಲ್ಲ ಅಂದವ್ರೆ." ಹುಚ್ಚಯ್ಯನ ದನಿಯಲ್ಲಿ ಸಿಟ್ಟಿರಲಿಲ್ಲ. ಆ ದನಿಯಲ್ಲಿ ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು ಎಂದು ಪಾಲಾಕ್ಷನಿಗೆ ಅನ್ನಿಸಿತು.

ಹತ್ತು ಗಂಟೆಯ ಹೊತ್ತಿಗೆ ಚಂದ್ರಶೇಖರಯ್ಯನವರ ಆಳು ಲಕ್ಕಯ್ಯ ಒಂದು ಹಸುವನ್ನು ಹೊಡೆದುಕೊಂಡು ಬಂದ. ನೀಲಗಂಗಮ್ಮನವರು ಕೈಯಾರೆ ಸಾಕಿದ ಹಸು ಅದು. ಬಾಯಿಂದ ಜೊಲ್ಲು ನೂಲಿನ ಹಾಗೆ ಇಳಿದು ನೆಲ ಮುಟ್ಟುತ್ತಿತ್ತು. "ನೆನ್ನೆಯಿಂದ ಮೇವು ಮುಟ್ಟಿಲ್ಲ ಸಾ. ಅಮ್ಮಾರು ಅಳ್ತಾ ಕೂತವ್ರೆ" ಎಂದ ಲಕ್ಕಯ್ಯ. ಹುಚ್ಚಯ್ಯ ಹಸುವನ್ನು ಕಂಬಕ್ಕೆ ಕಟ್ಟಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಪಾಲಾಕ್ಷ ಕುರ್ಚಿಯಲ್ಲಿ ಕೂತು ಪುಸ್ತಕ ತೆರೆದ.

"ಬಾಯಿ ಬಿಡಿಸು ಹುಚ್ಚಯ್ಯ."

"ನನ್ ಕೈ ಬ್ಯಾಡ ಅಂದವ್ರಲ್ಲ ಸಾ" ಎಂದ ಹುಚ್ಚಯ್ಯ. "ನೀವೇ ನೋಡಿ."

ಪಾಲಾಕ್ಷ ಪುಸ್ತಕ ಮುಚ್ಚಿದ. ಎದ್ದ. ಮೂರು ಮಾರು ನಡೆದ. ಅಂಗಿಯ ತೋಳು ಮಡಚಬೇಕೆಂದೂ ನೆನಪಾಗಲಿಲ್ಲ. ಹಸುವಿನ ಮೂಗಿಗೆ ಎಡಗೈ ಹಾಕಿದ, ಅದು ತಲೆ ಕೊಡವಿತು, ಮತ್ತೆ ಹಾಕಿದ. ಬಲಗೈ ಬಾಯೊಳಗೆ ಹೋಯಿತು. ಇಷ್ಟು ಬಿಸಿ ಇರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ನಾಲಗೆ ಒರಟಾಗಿ ಅವನ ಮಣಿಕಟ್ಟನ್ನು ಒತ್ತಿತು. ಬೆರಳು ವಸಡಿನ ಮೇಲೆ ಜಾರಿ, ಕೆಳದುಟಿಯ ಒಳಗೆ, ತೌಡಿನ ಹಾಗಿದ್ದದ್ದಕ್ಕೆ ತಗುಲಿತು. ಒತ್ತಿದಲ್ಲಿ ಅದು ಉದುರಿ ಕೆಳಗೆ ಹಸಿಗಾಯ ಸಿಕ್ಕಿತು. ಹಸು ನರಳಿತು. ಅವನು ಕೈಯನ್ನು ಹೊರಗೆ ತೆಗೆಯದೆ ಇನ್ನೂ ಒಂದು ಗಳಿಗೆ ಹಾಗೇ ಇಟ್ಟುಕೊಂಡಿದ್ದ.

"ದೊಡ್ಡರೋಗ" ಎಂದ.

ಲಕ್ಕಯ್ಯ ಹಗ್ಗ ಹಿಡಿದುಕೊಂಡೇ ಯೋಚಿಸಿದ. "ಅಂಗಾದ್ರೆ ಎತ್ತುಗೋಳ್ಗೂ ಇದೇಯಾ ಸಾ ಬಂದಿದ್ದು? ನೆನ್ನೆ ಸೋಮವಾರ ಸಂತೆಗೆ ಒಂಟೋದ್ವಲ್ಲ ಬಾಕಿವು."

"ಹೌದು. ಇದೇ."

ಲಕ್ಕಯ್ಯ ಹುಚ್ಚಯ್ಯನ ಮುಖ ನೋಡಿ ತಲೆ ತಗ್ಗಿಸಿದ. ಪಾಲಾಕ್ಷನ ಎರಡು ಕೈಗೂ ಮೊಣಕೈವರೆಗೆ ಜೊಲ್ಲು, ನೆತ್ತರು, ಅಂಗಿಯ ತೋಳಿಗೂ ಅದೇ. ಜಗುಲಿಯ ಮೇಲೆ ನೀರಿನ ಹಂಡೆ, ಅದರ ಮೇಲೆ ಅವನ ಹಿತ್ತಾಳೆಯ ತಂಬಿಗೆ. ಈ ಕೈಯಲ್ಲಿ ಅದನ್ನು ಮುಟ್ಟುವ ಹಾಗಿಲ್ಲ. ಹುಚ್ಚಯ್ಯ ಹನ್ನೆರಡು ವರ್ಷದಲ್ಲಿ ಅದನ್ನು ಮುಟ್ಟಿದವನಲ್ಲ.

"ಹುಚ್ಚಯ್ಯ, ಆ ತಂಬಿಗೆಯಲ್ಲಿ ಒಂದಿಷ್ಟು ನೀರು ಹಾಕು" ಎಂದ ಪಾಲಾಕ್ಷ. ಕೇಳಿದ ಮೇಲೆ ತನ್ನ ದನಿ ಬೇಡುವ ದನಿಯಾಗಿತ್ತು ಎಂದು ತಿಳಿಯಿತು.

ಹುಚ್ಚಯ್ಯ ತಂಬಿಗೆಯನ್ನು ನೋಡಿದ. ಆಮೇಲೆ ಮುಂದೆ ಚಾಚಿದ್ದ ಆ ಎರಡು ಕೈಗಳನ್ನು ನೋಡಿದ.

"ನಮ್ ದೇವಯ್ಯಂಗೂ ಇನ್ಮೇಲೆ ಇನ್ನೊಬ್ರೇ ನೀರು ಉಯ್ಬೇಕು ಸಾ" ಎಂದ. ಹಾಗೆಂದು ಗೋಡೆಯ ಮೊಳೆಯಿಂದ ತನ್ನ ಲೋಟವನ್ನು ತೆಗೆದುಕೊಂಡು ಗೇಟಿನ ಆಚೆಗೆ ನಡೆದ. ಪಾಲಾಕ್ಷ ಕೈ ಚಾಚಿಕೊಂಡು ಅಂಗಳದಲ್ಲಿ ನಿಂತೇ ಇದ್ದ, ಬಿಸಿಲಿಗೆ ನೆತ್ತರು ಬೆರೆತ ಜೊಲ್ಲು ಬೆರಳ ಸಂದಿಯಲ್ಲಿ ಒಣಗಿ ಬಿಗಿಯತೊಡಗಿತು.